ಹಿಂಬದಿಯ ಹತ್ತು ಗೂಟಗಳು

ನೆಲ್ಡಾ ಕ್ರಂಪ್‌ಳ ಬಾಯಿ ಒಳ್ಳೆಯದಲ್ಲ ಎಂದು ನಮ್ಮ ಟ್ರೇಲರ್ ಪಾರ್ಕಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಇರಬಹುದು, ಆ ನೆಲ್ಡಾ ನಾನೇ. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ನಾನೂರು ಮಕ್ಕಳಿಗೆ ಬಡಿಸಿದವಳು ಮೆತ್ತಗೆ ಮಾತನಾಡುವುದನ್ನು ಎಲ್ಲಿಂದ ಕಲಿಯಬೇಕು? ಬೈದಿದ್ದೇನೆ, ಬೈಸಿಕೊಂಡಿದ್ದೇನೆ, ಮರುದಿನ ಇಬ್ಬರೂ ಕೂತು ಕಾಫಿ ಕುಡಿದಿದ್ದೇವೆ. ಒಬ್ಬನ ಜೊತೆ ಮಾತ್ರ ಮೂರು ವರ್ಷ ಕಾಫಿ ಕುಡಿಯಲಿಲ್ಲ. ಈಗ ಅವನ ಬಗ್ಗೆಯೇ ಹೇಳಬೇಕಾಗಿದೆ, ಆದರೆ ವಿಷಯ ಶುರುವಾದದ್ದು ಒಂದು ನೋಟಿಸಿನಿಂದ.

ಕಳೆದ ಮಾರ್ಚ್ ಎಂಟಕ್ಕೆ ಅದನ್ನು ನನ್ನ ಬಾಗಿಲಿಗೆ ಅಂಟಿಸಿ ಹೋಗಿದ್ದರು. ಪಾರ್ಕನ್ನು ಹೊಸಬರು ಯಾರೋ ಕೊಂಡಿದ್ದರು. ಏಪ್ರಿಲ್ ಒಂದರೊಳಗೆ ಪ್ರತಿಯೊಬ್ಬರೂ ಗಾಲಿಯ ಮೇಲೆ ತಂದು ಕೂರಿಸಿದ ತಮ್ಮ ಟ್ರೇಲರ್ ಮನೆಗೆ ವಿಮೆ ಮಾಡಿಸಿರುವ ಕಾಗದ ತೋರಿಸಬೇಕು, ಇಲ್ಲದಿದ್ದರೆ ಜಾಗದ ಬಾಡಿಗೆ ಕರಾರು ಮುಂದುವರಿಸುವುದಿಲ್ಲ ಎಂದು ಬರೆದಿತ್ತು. ಕೆಳಗೆ 'ನಿಮ್ಮ ಸಹಕಾರಕ್ಕೆ ಧನ್ಯವಾದ' ಎಂದೂ ಇತ್ತು. ಕತ್ತು ಹಿಡಿದು ನೂಕುವವರಿಗೆ ಧನ್ಯವಾದ ಬೇರೆ ಕೇಡು.

ನನ್ನ ಹಳೆಯ ವಿಮೆ ಕಂಪನಿ, ಓಕ್ಲಹೋಮದ ಗಾಳಿಯ ಸಹವಾಸವೇ ಸಾಕು ಎಂದು ಜನವರಿಯಲ್ಲಿ ರಾಜ್ಯ ಬಿಟ್ಟು ಹೋಗಿತ್ತು. ಹಾಗಾಗಿ ನನ್ನ ಹತ್ತಿರ ತೋರಿಸಲು ಏನೂ ಇರಲಿಲ್ಲ. ಮನೆ ನನ್ನದು, ಆದರೆ ನೆಲ ಅವರದು. ಇಲ್ಲಿಂದ ಎಬ್ಬಿಸಿದರೆ ಇನ್ನೊಂದು ಕಡೆ ಎಳೆದುಕೊಂಡು ಹೋಗಬಹುದಲ್ಲ ಎಂದು ಪಟ್ಟಣದ ಜನ ಸುಲಭವಾಗಿ ಹೇಳುತ್ತಾರೆ. ಇಪ್ಪತ್ತೈದು ವರ್ಷದ ಟ್ರೇಲರನ್ನು ಯಾವ ಪಾರ್ಕಿನವರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಎಳೆಯುವ ಖರ್ಚು ಮನೆಯ ಬೆಲೆಗಿಂತ ಹೆಚ್ಚು. ಜಾಗ ಹೋದರೆ ಮನೆಯೂ ಹೋದ ಹಾಗೆ. ನನಗೆ ಅರವತ್ತೇಳು. ಮಕ್ಕಳಿಲ್ಲ. ಗಂಡ ಬರ್ಲ್ ತೀರಿಕೊಂಡು ಮೂರು ವರ್ಷ. ತುಳ್ಸಾದಲ್ಲಿ ಒಬ್ಬ ತಂಗಿ ಇದ್ದಾಳೆ, ನಿಜ. ಅವಳೂ ನಾನೂ ಒಂದೇ ಸೂರಿನ ಕೆಳಗೆ ಒಂದು ವಾರ ಇದ್ದರೆ ಎಂಟನೆಯ ದಿನ ಇಬ್ಬರಲ್ಲೊಬ್ಬರು ಜೈಲಿನಲ್ಲಿರುತ್ತೇವೆ.

ಮರುದಿನವೇ ಏಜೆಂಟ್ ಟ್ವೈಲಾ ಇಂಪ್ಸನ್ ಹತ್ತಿರ ಹೋದೆ. ಮೀನಿನ ಗಾಳ, ಹುಳು ಮಾರುವ ಅಂಗಡಿಯ ಪಕ್ಕ ಅವಳ ಕಚೇರಿ. ಅವಳ ಅಮ್ಮ ನನ್ನ ಜೊತೆ ಅಡುಗೆಮನೆಯಲ್ಲಿದ್ದವಳು, ಟ್ವೈಲಾ ಎರಡನೆಯ ತರಗತಿಯಲ್ಲಿದ್ದಾಗ ನನ್ನ ಕೈಯ ಬೆಣ್ಣೆ ರೋಲನ್ನು ಮೂರು ಸಲ ಕೇಳಿ ಹಾಕಿಸಿಕೊಳ್ಳುತ್ತಿದ್ದ ಹುಡುಗಿ. ಕೂರಿಸಿ ಕಾಫಿ ಕೊಟ್ಟು, ಎರಡು ಗಂಟೆ ಫೋನ್ ಮಾಡಿದಳು. ಒಂದು ಕಂಪನಿ ಮನೆಯ ವಯಸ್ಸು ಕೇಳಿದ್ದೇ ಆಗುವುದಿಲ್ಲ ಎಂದಿತು. ಉಳಿದದ್ದು ಎರಡು. ಅವುಗಳಲ್ಲಿ ಒಂದು ಅಗ್ಗ, ಒಂದು ತುಟ್ಟಿ. ನಾನು ಅಗ್ಗದ ಕಾಗದ ಎಳೆದುಕೊಂಡು ಪೆನ್ನು ಕೇಳಿದೆ.

"ಅಗ್ಗ ಅಂತ ತಗೋಬೇಡಿ, ಮಿಸ್ ನೆಲ್ಡಾ," ಎಂದಳು ಟ್ವೈಲಾ. "ನಾಳೆ ಮನೆ ಹಾರಿಹೋದ್ರೆ ಇವ್ರು ನಿಮ್ಗೆ ಮನೆ ಕೊಡಲ್ಲ. ಇಪ್ಪತ್ತೈದು ವರ್ಷ ಓಡ್ಸಿದ ಪಿಕಪ್‌ಗೆ ಏನು ಬೆಲೆ ಕಟ್ತಾರೋ ಹಾಗೆ ಕಟ್ಟಿ, ಹನ್ನೊಂದು ಸಾವಿರ ಡಾಲರ್ ಕೈಗಿಟ್ಟು ಹೋಗ್ತಾರೆ. ಅದ್ರಲ್ಲಿ ಒಂದು ಬಾತ್‌ರೂಮು ಬರಲ್ಲ."

ತುಟ್ಟಿಯದ್ದು ಹಾಗಲ್ಲವಂತೆ. ಮನೆ ಪೂರ್ತಿ ಹೋದರೆ ಅಷ್ಟೇ ಉದ್ದಗಲದ ಹೊಸ ಮನೆ ತಂದು ಅದೇ ಜಾಗದಲ್ಲಿ ಕೂರಿಸುವಷ್ಟು ಕೊಡುತ್ತಾರಂತೆ. ಗಾಳಿಯಿಂದ ಆದ ನಷ್ಟದಲ್ಲಿ ಮೊದಲ ಎರಡು ಸಾವಿರ ನನ್ನದು, ಮಿಕ್ಕಿದ್ದು ಅವರದು. ಆದರೆ ಅದಕ್ಕೆ ಒಂದು ಷರತ್ತು. ಮನೆಯನ್ನು ನೆಲಕ್ಕೆ ಸರಿಯಾಗಿ ಬಿಗಿದಿದೆ ಎಂದು, ಇಂಥ ಮನೆ ಕೂರಿಸುವ ಲೈಸೆನ್ಸ್ ಇರುವವನು ಅದರಡಿ ನುಸುಳಿ ನೋಡಿ, ಬರೆದು ಸಹಿ ಮಾಡಿಕೊಡಬೇಕು.

ಈ ಬಿಗಿಯುವ ವಿಷಯ ಸ್ವಲ್ಪ ಹೇಳುತ್ತೇನೆ. ನಮ್ಮ ಮನೆಗಳಿಗೆ ಪಾಯವಿಲ್ಲ. ಕಾಂಕ್ರೀಟ್ ಇಟ್ಟಿಗೆಗಳ ಮೇಲೆ ಕೂತಿರುತ್ತವೆ, ಸುತ್ತ ಸೊಂಟದವರೆಗೆ ತಗಡಿನ ಮರೆ. ಗಾಳಿ ಎತ್ತಿಕೊಂಡು ಹೋಗಬಾರದೆಂದು ಅಡಿಯ ಕಬ್ಬಿಣದ ತೊಲೆಗಳಿಗೆ ಉಕ್ಕಿನ ಪಟ್ಟಿ ಸುತ್ತಿ, ನೆಲಕ್ಕೆ ನಾಲ್ಕಡಿ ತಿರುಪಿದ ಗೂಟಗಳಿಗೆ ಅದನ್ನು ಬಿಗಿಯುತ್ತಾರೆ. ನಮ್ಮ ಮನೆ ಬಂದ ವರ್ಷ ಬರ್ಲ್ ಆ ಕೆಲಸಕ್ಕೆ ಆಳು ಕರೆಯದೆ, ಮುಂಬದಿಗೆ ಹತ್ತು, ಹಿಂಬದಿಗೆ ಹತ್ತು ಗೂಟ ತಾನೇ ಹಾಕಿದ್ದ. ಆ ಇಪ್ಪತ್ತು ಗೂಟದ ಕಥೆಯನ್ನು ಎರಡು ಬಿಯರ್ ಒಳಗೆ ಹೋದ ಮೇಲೆ ಎಲ್ಲರಿಗೂ ಹೇಳುತ್ತಿದ್ದ. ನಾನು ನಂಬಿದ್ದೆ. ಎಷ್ಟು ನಂಬಿದ್ದೆನೆಂದರೆ, ಸುಂಟರಗಾಳಿಯ ಸೈರನ್ ಕೂಗಿದಾಗ ಪಾರ್ಕಿನ ಜನವೆಲ್ಲ ನೆಲಮಾಳಿಗೆಗೆ ಓಡಿದರೆ ನಾನು ಮಾತ್ರ ಓಡುತ್ತಿರಲಿಲ್ಲ. ಬರ್ಲ್ ಬಿಗಿದು ಕಟ್ಟಿದ ಮನೆ ಎಲ್ಲಿಗೂ ಹೋಗುವುದಿಲ್ಲ ಎಂದು ಕೂತಲ್ಲೇ ಟಿ.ವಿ. ನೋಡುತ್ತಿದ್ದೆ. ಹಳೆಯ ಕಂಪನಿಯ ಅರ್ಜಿಯಲ್ಲಿ 'ಮನೆ ಬಿಗಿದಿದೆಯೇ' ಎಂಬಲ್ಲಿ ಪ್ರತಿ ವರ್ಷ ಕಣ್ಣು ಮುಚ್ಚಿ 'ಹೌದು' ಬರೆಯುತ್ತಿದ್ದೆ.

ಲೈಸೆನ್ಸ್ ಇರುವವರು ಯಾರಿದ್ದಾರೆ ಎಂದು ಟ್ವೈಲಾಳನ್ನು ಕೇಳಿದೆ. ನಲವತ್ತು ಮೈಲಿಯೊಳಗೆ ಇಬ್ಬರು. ಒಬ್ಬ ಮೇ ತಿಂಗಳವರೆಗೆ ಟೆಕ್ಸಸ್‌ನಲ್ಲಿ. ಇನ್ನೊಬ್ಬ ಹಾಯ್ಟ್ ಲೆಡ್‌ಬೆಟರ್.

ಆ ಹೆಸರು ಕೇಳಿದ್ದೇ ಅಗ್ಗದ ಅರ್ಜಿಯನ್ನು ಮತ್ತೆ ಹತ್ತಿರಕ್ಕೆಳೆದೆ. ಅದಕ್ಕೆ ಯಾರ ಸರ್ಟಿಫಿಕೇಟೂ ಬೇಡ, ಮಾಲೀಕರು ತಾವೇ 'ಹೌದು' ಬರೆದರೆ ಸಾಕು. ಬರೆಯಲು ಹೋದರೆ ಟ್ವೈಲಾ ಕಾಗದದ ಮೇಲೆ ಅಂಗೈ ಇಟ್ಟಳು.

"ನೀವು ಅಡೀಲಿ ಬಗ್ಗಿ ನೋಡಿದೀರಾ?"

"ಬರ್ಲ್ ಹೇಳಿದಾನೆ."

"ಮನೆ ಹೋದ ಮಾರನೇ ದಿನ ಕಂಪನಿಯವ್ರು ಮೊದ್ಲು ನೋಡೋದೇ ಗೂಟಾನ. ಸರಿಯಿಲ್ಲ ಅಂದ್ರೆ ಸುಳ್ಳು ಬರೆದಿದೀರಿ ಅಂತಾರೆ. ಆವಾಗ ಬರ್ಲ್ ಅವ್ರನ್ನ ಕರೀತಾರಾ, ನಿಮ್ಮನ್ನ ಕರೀತಾರಾ?"

ನನಗೆ ರೇಗಿತು. ನನ್ನ ಗಂಡನ ಕೆಲಸದ ಮೇಲೆ ಅನುಮಾನ ಪಡುತ್ತೀಯಾ ಎಂದು ಕೇಳಿದೆ. ಅವಳು ಕೈ ತೆಗೆಯಲಿಲ್ಲ. ಬೇಕಾದರೆ ಇನ್ನೊಬ್ಬ ಏಜೆಂಟನ ಹತ್ತಿರ ಹೋಗಿ, ನನ್ನ ಕೈಯಿಂದ ಈ ಅರ್ಜಿ ಹೋಗುವುದಿಲ್ಲ ಎಂದಳು. ಮೂರು ರೋಲು ತಿಂದ ಋಣಕ್ಕೆ ಇಷ್ಟು ಬಾಯಿಯೇ ಎಂದುಕೊಂಡು ಎದ್ದು ಬಂದೆ. ಆ ಹುಡುಗಿಯ ಅಂಗೈಗೆ ನಾನು ದಿನಾ ಮುತ್ತಿಡಬೇಕು ಎನ್ನುವುದು ಆಗ ತಿಳಿದಿರಲಿಲ್ಲ.

ಇನ್ನು ಹಾಯ್ಟ್ ವಿಷಯ. ನನ್ನ ಮನೆಯಿಂದ ಮೂರನೆಯದು ಅವನದು. ಜೀವಮಾನವೆಲ್ಲ ಟ್ರೇಲರ್ ಮನೆ ಎಳೆದು ಕೂರಿಸಿದ ಮನುಷ್ಯ, ಹನ್ನೆರಡು ವರ್ಷದ ಹಿಂದೆ ನಮ್ಮ ಪಾರ್ಕಿಗೆ ಬಂದ. ಬಂದ ವಾರದಿಂದ ಅವನೂ ಬರ್ಲೂ ಕೆರೆಯ ದಂಡೆಯಲ್ಲಿ ಮೀನು ಹಿಡಿಯುತ್ತ, ಒಂದು ಗಂಟೆಗೆ ಒಂದು ಮಾತಾಡುತ್ತ ಕೂರುತ್ತಿದ್ದರು. ನಮ್ಮಲ್ಲಿ ಒಂದು ರೀತಿ ಇದೆ. ಮುಂಬಾಗಿಲಿನಿಂದ ಯಾರು ಬೇಕಾದರೂ ಕೂಗಿಕೊಂಡು ಒಳಗೆ ಬರಬಹುದು, ಆದರೆ ಮನೆಯ ಅಡಿ ಯಜಮಾನನದು. ನೀರಿನ ಕೊಳವೆ, ಕರೆಂಟಿನ ತಂತಿ, ತಾಮ್ರ ಎಲ್ಲ ಅಲ್ಲೇ ಇರುವುದು. ಕೇಳದೆ ಇನ್ನೊಬ್ಬರ ತಗಡು ಸರಿಸಿದವನನ್ನು ಕಳ್ಳ ಎನ್ನುತ್ತಾರೆ, ಬೇರೆ ಹೆಸರಿಲ್ಲ.

ಬರ್ಲ್ ಹೋಗಿ ಮೂರು ವಾರ ಆಗಿತ್ತು. ಫೆಬ್ರವರಿ ಇಪ್ಪತ್ತಾರು. ಮಂಜು ಗಟ್ಟಿಕಟ್ಟಿ ಬಸ್ಸು ಓಡುವುದಿಲ್ಲವೆಂದು ಶಾಲೆಯನ್ನು ಬೇಗ ಬಿಟ್ಟರು, ಎರಡಕ್ಕೆ ಬರುವವಳು ಹತ್ತಕ್ಕೇ ಮನೆಗೆ ಬಂದೆ. ಹಿಂಬದಿಯ ತಗಡು ಸರಿದಿತ್ತು. ನೋಡುತ್ತ ನಿಂತಂತೆ ಹಾಯ್ಟ್ ಅದರೊಳಗಿಂದ ತೆವಳಿಕೊಂಡು ಹೊರಗೆ ಬಂದ, ಕೈಯಲ್ಲಿ ಬರ್ಲ್‌ನ ಸ್ಪ್ಯಾನರ್ ಚೀಲ. ಗಂಡನ ಗೋರಿಯ ಮಣ್ಣು ಇನ್ನೂ ಹಸಿ, ಗೆಳೆಯ ಎನ್ನಿಸಿಕೊಂಡವನು ಅವನ ಸಾಮಾನು ಹೊರುತ್ತಿದ್ದಾನೆ. ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಜನ ಹೊರಗೆ ಬಂದರು, ಅವರ ಮುಂದೆ ಇನ್ನೂ ಜೋರಾಗಿ ಅಂದೆ. ಕಳ್ಳ ಎಂದೆ. ಹೆಣದ ಮೇಲಿನ ಬಟ್ಟೆ ಬಿಚ್ಚುವವನು ಎಂದೆ. ಅವನು ಒಂದು ಮಾತೂ ಆಡದೆ ಚೀಲವನ್ನು ಜಗಲಿಯ ಮೇಲಿಟ್ಟು ಹೋದ. ತಪ್ಪು ಮಾಡದಿದ್ದರೆ ಸುಮ್ಮನಿರುತ್ತಿದ್ದನೇ ಎಂದು ಪಾರ್ಕಿನವರೂ ಅಂದುಕೊಂಡರು, ನಾನೂ ಅಂದುಕೊಂಡೆ. ಆಮೇಲೆ ಯಾರೂ ಅವನನ್ನು ಹಬ್ಬದ ಊಟಕ್ಕೆ ಕರೆಯಲಿಲ್ಲ.

ಈಗ ಅವನ ಬಾಗಿಲು ತಟ್ಟಬೇಕು. ನಾಲ್ಕು ದಿನ ತಡೆದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನನ್ನದು. ಆದರೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಏಪ್ರಿಲ್ ಒಂದು ದಿನದಿನಕ್ಕೆ ಹತ್ತಿರ ಬರುತ್ತಿತ್ತು, ತಂಗಿಯ ಮನೆಯ ಸೋಫಾ ಕಣ್ಣ ಮುಂದೆ ಬರುತ್ತಿತ್ತು. ಐದನೆಯ ದಿನ ಬೆಳಿಗ್ಗೆ ಕೂದಲು ಬಾಚಿಕೊಂಡು ಹೋದೆ. ಕ್ಷಮೆ ಕೇಳಲು ಹೋಗಲಿಲ್ಲ, ನೆನಪಿರಲಿ. ಕೆಲಸವಿದೆ, ಕೂಲಿ ಕೊಡುತ್ತೇನೆ, ಮಾಡುವುದಾದರೆ ಮಾಡು ಎಂದು ಮೆಟ್ಟಿಲ ಕೆಳಗೆ ನಿಂತೇ ಹೇಳಿದೆ. ಅವನು ಟ್ವೈಲಾ ಕೊಟ್ಟ ಫಾರಂ ತೆಗೆದುಕೊಂಡು ಎರಡೂ ಪುಟ ನಿಧಾನವಾಗಿ ಓದಿದ. ಸುಮಾರು ಹೊತ್ತು ಫಾರಂ ಅನ್ನೇ ನೋಡುತ್ತ ನಿಂತ. ಒಲ್ಲೆ ಎನ್ನುತ್ತಾನೆ ಎಂದುಕೊಂಡೆ. ಬೇರೆ ಯಾರೂ ಸಿಗುವುದಿಲ್ಲವೇ ಎಂದು ಕೇಳಿದ. ಇಲ್ಲ ಎಂದೆ. ನಾಳೆ ಒಂಬತ್ತಕ್ಕೆ ಬರುತ್ತೇನೆ ಎಂದ.

ಒಂಬತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದ. ಎಪ್ಪತ್ತೊಂದರ ಮನುಷ್ಯ, ಮೊಣಕಾಲು ಎರಡೂ ಕೆಟ್ಟಿವೆ. ಅಂಗಾತ ಮಲಗಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ ಮನೆಯಡಿ ಹೋದ. ನಾನು ಮೇಲೆ ಅಡುಗೆಮನೆಯಲ್ಲಿ ನಿಂತಿದ್ದೆ. ಒಂದೊಂದೇ ಪಟ್ಟಿಯನ್ನು ಸುತ್ತಿಗೆಯಿಂದ ಬಡಿದು ನೋಡುವ ಸದ್ದು ನೆಲದ ಮೂಲಕ ಕಾಲಿಗೆ ಬರುತ್ತಿತ್ತು. ಇಪ್ಪತ್ತೂ ಎಣಿಸಿದೆ. ಮುಕ್ಕಾಲು ಗಂಟೆಯ ನಂತರ ಹೊರಗೆ ಬಂದು, ಮೈ ಕೊಡವಿಕೊಂಡು, ಜಗಲಿಯ ಮೆಟ್ಟಿಲ ಮೇಲೆ ಕೂತು ಫಾರಂ ತುಂಬಿದ. ಕೈಗೆ ಕೊಟ್ಟ. ಕೂಲಿ ಎಷ್ಟೆಂದು ಕೇಳಿದರೆ ಬೇಡ ಎಂದು ಹೊರಟ.

ನಾನು ಅಲ್ಲೇ ಓದಿದೆ. ಮುಂಬದಿ: ಗೂಟ ಹತ್ತು, ಹಾಕಿದವರು ಬರ್ಲ್ ಕ್ರಂಪ್, ೧೯೯೮, ಸ್ಥಿತಿ ಗಟ್ಟಿ. ಅದರ ಕೆಳಗೆ, ಹಿಂಬದಿ: ಗೂಟ ಹತ್ತು, ಬಂಡೆಯೊಳಗೆ ಕೊರೆದು ಕೂರಿಸಿದ್ದು. ಹಾಕಿದವರು ಹಾಯ್ಟ್ ಲೆಡ್‌ಬೆಟರ್. ಕೆಲಸ ಮುಗಿದ ದಿನ, ಫೆಬ್ರವರಿ ೨೬. ಮುಂದೆ ಮೂರು ವರ್ಷದ ಹಿಂದಿನ ಇಸವಿ.

ಎರಡು ಸಲ ಓದಿದೆ. ಜಗಲಿಯ ಅಂಚಿಗೆ ಓಡಿದೆ. ಅವನು ಆಗಲೇ ರಸ್ತೆಗೆ ಇಳಿದಿದ್ದ.

"ಹಾಯ್ಟ್, ನಿಲ್ಲು. ಇದೇನು ಬರ್ದಿದೀಯ?"

ನಿಂತ. ಈ ಕಡೆ ತಿರುಗಲಿಲ್ಲ. "ಸಹಿ ಹಾಕೋ ಕಾಗದ ಅದು, ನೆಲ್ಡಾ. ಇದ್ದದ್ದನ್ನ ಬರೀಲೇಬೇಕು. ನೀನು ಓದದೇನೇ ಟ್ವೈಲಾಗೆ ಕೊಟ್ಬಿಡ್ತೀಯ ಅಂದ್ಕೊಂಡಿದ್ದೆ."

ಟಾರ್ಚ್ ತಂದು, ತಗಡು ಸರಿಸಿ, ಇದ್ದ ಬಟ್ಟೆಯಲ್ಲೇ ನನ್ನ ಮನೆಯ ಅಡಿಗೆ ಹೋದೆ. ಇಪ್ಪತ್ತೈದು ವರ್ಷದಲ್ಲಿ ಅದೇ ಮೊದಲು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ಕಂಡದ್ದನ್ನು ಪ್ರಮಾಣಿಸಲೂ ಇಲ್ಲ, ಕಾಣದ್ದನ್ನು ನಂಬಿಯೂ ಕೂತಿದ್ದೆ. ಹಿಂಬದಿಯಲ್ಲಿ ಮಣ್ಣು ಒಂದಡಿಯಷ್ಟೂ ಇಲ್ಲ, ಕೆಳಗೆಲ್ಲ ಒಂದೇ ಬಂಡೆ. ಆ ಬಂಡೆಯಲ್ಲಿ ಹತ್ತು ದಪ್ಪ ಸರಳುಗಳು ಸಾಲಾಗಿ ನಿಂತಿದ್ದವು, ಹೊಸ ಪಟ್ಟಿಗಳು ಎಳೆದರೆ ಅಲುಗದಂತೆ ಬಿಗಿದಿದ್ದವು. ಪ್ರತಿಯೊಂದರ ಪಕ್ಕದಲ್ಲೂ ಒಂದು ಹಳೆಯ ಗೂಟ ಬಿದ್ದಿತ್ತು. ಒಂದನ್ನು ಎತ್ತಿದೆ. ಮೇಲಿನ ತಲೆ ಸರಿಯಾಗಿತ್ತು. ಕೆಳಗೆ ನಾಲ್ಕಡಿ ಇರಬೇಕಾದ ಸರಳನ್ನು ಒಂದು ಗೇಣು ಬಿಟ್ಟು ಗರಗಸದಿಂದ ಕೊಯ್ದಿತ್ತು.

ನನಗೆ ವಿವರಿಸಿ ಹೇಳುವುದು ಬೇಕಾಗಲಿಲ್ಲ. ಗೂಟ ತಿರುಪುವಾಗ ಬಂಡೆ ಸಿಕ್ಕಿದರೆ ಸರಳು ಕತ್ತರಿಸಿ, ತಲೆಯನ್ನಷ್ಟೇ ಮಣ್ಣಿನಲ್ಲಿ ಊರಿ, ಹೊರಗಿನಿಂದ ನೋಡಿದವರಿಗೆ ಸರಿ ಕಾಣುವಂತೆ ಮಾಡುವವರು ನಮ್ಮಲ್ಲಿ ಇದ್ದಾರೆ. ಅಂಥವರನ್ನು ಬರ್ಲ್ ತಾನೇ ಬೈಯುತ್ತಿದ್ದ. ಆ ಗೂಟಗಳನ್ನು ಕೈಯಿಂದ ಎಳೆದರೆ ಕ್ಯಾರೆಟ್ ಕಿತ್ತ ಹಾಗೆ ಬರುತ್ತವೆ. ಅದರ ಮೇಲೆ ನಾನು ಇಪ್ಪತ್ತೆರಡು ವರ್ಷ ಮಲಗಿದ್ದೆ.

ಹೊರಗೆ ಬಂದಾಗ ಹಾಯ್ಟ್ ಮೆಟ್ಟಿಲ ಮೇಲೆ ಕೂತಿದ್ದ. ನನ್ನ ಕೈಯಲ್ಲಿದ್ದ ಗೂಟ ನೋಡಿ ತಲೆ ತಗ್ಗಿಸಿದ, ತಪ್ಪು ಮಾಡಿದವನು ತಾನೇ ಎನ್ನುವಂತೆ. ಆಮೇಲೆ ಮಾತು ಒಂದೊಂದಾಗಿ ಬಂತು. ಆಸ್ಪತ್ರೆಯಲ್ಲಿ ಕೊನೆಯ ವಾರ ಬರ್ಲ್ ಅವನ ಹತ್ತಿರ ಹೇಳಿಕೊಂಡಿದ್ದನಂತೆ. ಆ ವರ್ಷ ಬಂಡೆ ಕೊರೆಯುವ ಯಂತ್ರದ ಬಾಡಿಗೆ ಹೊಂದಿಸಲು ಆಗಲಿಲ್ಲ, ಮುಂದಿನ ಬೇಸಿಗೆಗೆ ಸರಿ ಮಾಡಿದರಾಯಿತು ಎಂದುಕೊಂಡ, ಬೇಸಿಗೆಗಳು ಹೋದವು, ಅಷ್ಟರಲ್ಲಿ ಎಲ್ಲರ ಮುಂದೆ ಜಂಬ ಕೊಚ್ಚಿಕೊಂಡೂ ಆಗಿತ್ತು, ಆಮೇಲೆ ಶ್ವಾಸಕೋಶ ಕೈಕೊಟ್ಟಿತು. ನೀನು ಮಾಡು, ನನ್ನ ಸ್ಪ್ಯಾನರ್ ಚೀಲ ಮನೆಯಡಿಯಲ್ಲೇ ಇದೆ, ನೆಲ್ಡಾಗೆ ಹೇಳಬೇಡ ಎಂದನಂತೆ. ಹಾಯ್ಟ್ ಮಾತು ಕೊಟ್ಟ. ಹನ್ನೆರಡು ದಿನ, ನಾನು ಶಾಲೆಗೂ ಅಕ್ಕಪಕ್ಕದವರು ಕೆಲಸಕ್ಕೂ ಹೋದ ಮೇಲೆ ಬಂದು, ಮೊಣಕಾಲೂರಿ ಬಂಡೆ ಕೊರೆದ. ಕೊನೆಯ ಪಟ್ಟಿ ಬಿಗಿದು ಹೊರಗೆ ಬಂದಾಗ ಅವನಿಗೆ ನನ್ನಿಂದ ಸಿಕ್ಕಿದ ಸನ್ಮಾನ ಏನೆಂದು ಹೇಳಿಯಾಗಿದೆ.

ನನಗೆ ಅಳು ಬಂತು, ಅಳುವಾಗಲೂ ಸಿಟ್ಟೇ ಬಂತು. ಅಷ್ಟು ಜನರ ಮುಂದೆ ಕಳ್ಳ ಎಂದಾಗಲಾದರೂ ಬಾಯಿ ಬಿಡಬಾರದಿತ್ತೇ, ಸತ್ತವನ ಮಾನಕ್ಕೆ ಇರುವವನು ಮಾನ ಕಳೆದುಕೊಳ್ಳಬೇಕೇ ಎಂದು ಕೇಳಿದೆ.

ಹಾಯ್ಟ್ ಬಗ್ಗಿ ತನ್ನ ಬೂಟಿನ ಮಣ್ಣು ಕೆರೆದ.

"ಸೈರನ್ ಆದ್ರೆ ನೀನು ನೆಲಮಾಳಿಗೆಗೆ ಬರಲ್ಲ," ಎಂದ. "ಬರ್ಲ್ ಕಟ್ಟಿದಾನೆ ಅಂತ ಒಳಗೇ ಕೂತಿರ್ತೀಯ. ಕಟ್ಟಿಲ್ಲ ಅಂತ ನಾನು ಹೇಳೋ ಹಾಗಿರ್ಲಿಲ್ಲ. ಅದಕ್ಕೆ, ಕಟ್ಟಿರೋ ಹಾಗೆ ಮಾಡ್ದೆ. ಮಾರ್ಚಲ್ಲಿ ಸುಂಟರಗಾಳಿ ಶುರುವಾಗೋದ್ರೊಳಗೆ ಆಗ್ಬೇಕಿತ್ತು, ಆಯ್ತು. ನೀನು ಬೈದದ್ದು ಏನ್ಮಹಾ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಡೆದವಳು ನಾನು. ಕ್ಷಮಿಸು ಎಂದೆ. ಸರಿ ಎಂದ. ಒಳಗೆ ಬಂದು ಕಾಫಿ ಕುಡಿ ಎಂದೆ. ಮೈಯೆಲ್ಲ ಮಣ್ಣು, ನಿನ್ನ ಕುರ್ಚಿ ಕೆಡುತ್ತದೆ ಎಂದ. ಕುರ್ಚಿ ಹಾಳಾಗಿ ಹೋಗಲಿ ಎಂದು ರಟ್ಟೆ ಹಿಡಿದು ಎಳೆದೆ. ಅವನ ಮುಂದೆ ಹುರುಳಿಕಾಯಿ, ಜೋಳದ ಬ್ರೆಡ್ಡು, ಹಿಂದಿನ ದಿನದ ಹ್ಯಾಮು ಎಲ್ಲ ಇಟ್ಟೆ. ಬೆಳಗಿನ ಹನ್ನೊಂದು ಗಂಟೆಗೆ ಅಷ್ಟನ್ನು ಯಾರು ತಿನ್ನುತ್ತಾರೆ? ಅವನು ತಿಂದ. ನನಗೆ ಆ ಹೊತ್ತಿನಲ್ಲಿ ಮಾಡಲು ಬರುತ್ತಿದ್ದದ್ದು ಬಡಿಸುವುದು ಒಂದೇ, ಅವನಿಗೆ ಅದು ಗೊತ್ತಿತ್ತೆಂದು ಕಾಣುತ್ತದೆ.

ಮರುದಿನ ಸರ್ಟಿಫಿಕೇಟ್ ಹಿಡಿದು ಟ್ವೈಲಾಳ ಮುಂದೆ ಕೂತೆ. ಅವಳು ತಾರೀಖುಗಳನ್ನು ಓದಿದಳು, ನನ್ನ ಮುಖ ನೋಡಿದಳು, ಅರ್ಜಿ ತೆಗೆದು ಮುಂದಿಟ್ಟಳು. ತುಟ್ಟಿಯ ಪಾಲಿಸಿಯೇ ಬೇಕು ಎಂದೆ. ಆದರೆ ನನ್ನ ಪಿಂಚಣಿಗೆ ಅದು ಹೊರೆ. ಎಲ್ಲಿ ಕಡಿಮೆ ಮಾಡಬಹುದೆಂದು ಇಬ್ಬರೂ ಒಂದೊಂದು ಸಾಲನ್ನೂ ನೋಡಿದೆವು. ಬಂಡೆಗೆ ಬಿಗಿದ ಮನೆಯೆಂದು ಕಂಪನಿ ಕಂತಿನಲ್ಲಿ ಸ್ವಲ್ಪ ಇಳಿಸಿತು. ಮನೆಯೊಳಗಿನ ಸಾಮಾನಿನ ಮೊತ್ತವನ್ನು ನಾನೇ ಅರ್ಧಕ್ಕೆ ಇಳಿಸಿದೆ. ಹಳೆಯ ಸೋಫಾ, ಫ್ರೀಜರು, ಹರಕು ಪರದೆ ಹೋದರೆ ಹೋಗಲಿ, ತಲೆಯ ಮೇಲಿನ ಸೂರು ಹೋದರೆ ತಡೆಯಲಾರೆ. ಯಾರಾದರೂ ನನ್ನ ಮೆಟ್ಟಿಲಲ್ಲಿ ಜಾರಿ ಬಿದ್ದರೆ ಆಸ್ಪತ್ರೆಯ ಖರ್ಚು ಕೊಡುವ ಭಾಗವನ್ನು ಬಿಡಬೇಡಿ ಎಂದು ಟ್ವೈಲಾ ಹೇಳಿದಳು, ಇಟ್ಟುಕೊಂಡೆ. ಕೊನೆಗೆ ಜಗಲಿ ಉಳಿಯಿತು. ಜಗಲಿ ಮನೆಯ ಜೊತೆ ಬರುವುದಿಲ್ಲ, ಬೇರೆಯಾಗಿ ಬರೆಸಬೇಕು. ನಮ್ಮ ಜಗಲಿ ಬರ್ಲ್ ಕಟ್ಟಿದ್ದು. ಹೊಡೆದುಹಾಕು ಎಂದೆ. ಗೂಟ ಕೊಯ್ದವನ ಜಗಲಿಗೆ ನನ್ನ ದುಡ್ಡಿನಲ್ಲಿ ಒಂದು ಸೆಂಟೂ ಇಲ್ಲ. ಟ್ವೈಲಾ ಆ ಸಾಲಿನ ಮೇಲೆ ಗೆರೆ ಎಳೆದಳು, ಆದರೆ ಪೆನ್ಸಿಲ್ಲಿನಲ್ಲಿ ಎಳೆದಳು.

ಎರಡು ದಿನ ಆ ಜಗಲಿಯಲ್ಲೇ ಕೂತು ಸತ್ತವನ ಜೊತೆ ಜಗಳವಾಡಿದೆ. ಉತ್ತರ ಕೊಡದವನ ಜೊತೆ ಎಷ್ಟು ಹೊತ್ತು ಜಗಳವಾಡುವುದು? ಸುಳ್ಳು ಹೇಳಿದ್ದ, ಹೌದು. ಆದರೆ ಉಸಿರು ಸಿಗದ ಹೊತ್ತಿನಲ್ಲಿ ಅವನಿಗೆ ನೆನಪಾದದ್ದು ನಾನು ಮಲಗುವ ಮನೆಯ ಗೂಟ. ನನಗೆ ಹೇಳಲು ನಾಚಿಕೆಪಟ್ಟ, ಸರಿ ಮಾಡಿಸಲು ಮರೆಯಲಿಲ್ಲ. ಮೂರನೆಯ ದಿನ ಟ್ವೈಲಾಗೆ ಫೋನ್ ಮಾಡಿ ಜಗಲಿಯನ್ನೂ ಸೇರಿಸು ಎಂದೆ. ಸೇರಿಸಿಯೇ ಕಳಿಸಿದೀನಿ, ಮಿಸ್ ನೆಲ್ಡಾ ಎಂದಳು. ಹುಡುಗಿಯ ಧೈರ್ಯ ನೋಡಿ. ಬೈಯಬೇಕೆಂದು ಬಾಯಿ ತೆರೆದೆ, ಬೈಗುಳವೇ ಬರಲಿಲ್ಲ.

ಮಾರ್ಚ್ ಇಪ್ಪತ್ತೆಂಟಕ್ಕೆ ಪಾಲಿಸಿ ಬಂತು. ಪಾರ್ಕಿನ ಕಚೇರಿಯಲ್ಲಿ ಅದರ ನಕಲು ಕೊಟ್ಟು, ಮುದ್ರೆ ಒತ್ತಿಸಿಕೊಂಡು ಬಂದೆ. ಮನೆಗೆ ಬಂದು ಅಡುಗೆಮನೆಯ ಮಧ್ಯೆ ನಿಂತು ಎರಡೂ ಪಾದವನ್ನು ನೆಲಕ್ಕೆ ಒತ್ತಿ ನೋಡಿದೆ. ದೇವರೇ, ಇಲ್ಲೇ ಇರುತ್ತೇನೆ ಎಂದು ಗಟ್ಟಿಯಾಗಿಯೇ ಹೇಳಿದೆ.

ಏಪ್ರಿಲ್ ಹದಿನಾಲ್ಕು, ಮಧ್ಯಾಹ್ನ ನಾಲ್ಕು ಗಂಟೆ. ನೈಋತ್ಯದ ಆಕಾಶ ಹಸಿರಾಯಿತು, ಸೈರನ್ ಶುರುವಾಯಿತು. ಮನೆ ಎಷ್ಟೇ ಗಟ್ಟಿ ಕಟ್ಟಿದರೂ ಸುಂಟರಗಾಳಿಗೆ ಅದು ಲೆಕ್ಕಕ್ಕಿಲ್ಲ, ಪಟ್ಟಿ ಬಿರುಗಾಳಿಗೆ, ಸುಂಟರಗಾಳಿಗೆ ನೆಲಮಾಳಿಗೆ, ತಿಳಿಯಿತಾ ಎಂದು ಹಾಯ್ಟ್ ನನಗೆ ಮಕ್ಕಳಿಗೆ ಹೇಳುವ ಹಾಗೆ ಹೇಳಿದ್ದ. ಪಾಲಿಸಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎದೆಗೆ ಒತ್ತಿಕೊಂಡು ಹೊರಟೆ. ಆಲಿಕಲ್ಲು ಬೀಳತೊಡಗಿತ್ತು. ಬಟ್ಟೆ ಒಗೆಯುವ ಕೋಣೆಯ ಹಿಂದೆ ಕಾಂಕ್ರೀಟಿನ ನೆಲಮಾಳಿಗೆ, ಕೆಳಗೆ ಎಂಟು ಮೆಟ್ಟಿಲು. ಇಷ್ಟು ವರ್ಷದಲ್ಲಿ ನಾನು ಅದರೊಳಗೆ ಇಳಿದದ್ದು ಅದೇ ಮೊದಲು. ಎರಡೂ ಗೋಡೆಯ ಬೆಂಚುಗಳ ಮೇಲೆ ಪಾರ್ಕಿನ ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ಹಾಯ್ಟ್ ಮೂಲೆಯಲ್ಲಿದ್ದ. ಅಷ್ಟು ಇಕ್ಕಟ್ಟಿನಲ್ಲೂ ಅವನ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಯಾಕೆ ಖಾಲಿ ಇತ್ತೆಂದು ನನಗೆ ಗೊತ್ತು, ಖಾಲಿ ಮಾಡಿಸಿದವಳು ನಾನೇ.

ಕೂರುವ ಮೊದಲೇ ಹೇಳಿಬಿಟ್ಟೆ. ಬಾಗಿಲ ಬಳಿ ನಿಂತು, ತಲೆಯಿಂದ ನೀರು ಸೋರುತ್ತಿರುವಾಗಲೇ. "ಮೂರು ವರ್ಷದ ಹಿಂದೆ ಈ ಮನುಷ್ಯನ್ನ ಕಳ್ಳ ಅಂತ ನಿಮ್ಮೆಲ್ಲರ ಮುಂದೆ ಅಂದೆ. ಇವ್ನು ಕದ್ದಿರ್ಲಿಲ್ಲ. ಬರ್ಲ್ ಅರ್ಧಕ್ಕೆ ಬಿಟ್ಟಿದ್ದ ಗೂಟಗಳ್ನ ಬಂಡೆ ಕೊರೆದು ಹಾಕ್ತಿದ್ದ, ನಾನು ಬದುಕಿರ್ಲಿ ಅಂತ. ನಾನು ಸುಳ್ಳು ಹೇಳ್ದೆ, ನೀವು ನಂಬಿದ್ರಿ. ಇವತ್ತು ನನ್ಗೆ ಮನೆ ಇರೋದು ಇವ್ನಿಂದ. ಇಷ್ಟೇ ಹೇಳ್ಬೇಕಾಗಿತ್ತು."

ಹೊರಗೆ ಗಾಳಿಯ ಸದ್ದು ಏರುತ್ತಿತ್ತು. ನಾನು ಕೂರಲು ಮರೆತು ನಿಂತೇ ಇದ್ದೆ. ಹಾಯ್ಟ್‌ನ ಮುಖ ಕಿವಿಯವರೆಗೂ ಕೆಂಪಾಗಿತ್ತು. ಅವನು ಗೋಡೆಯ ಕಡೆಗೆ ಇನ್ನೂ ಸ್ವಲ್ಪ ಸರಿದು, ಅಂಗೈಯಿಂದ ಬೆಂಚನ್ನು ಒರೆಸಿದ.

"ಬಂದು ಕೂತ್ಕೋ, ನೆಲ್ಡಾ," ಎಂದ. "ಬಾಗ್ಲು ಹಾಕ್ಬೇಕು. ನಿನ್ನೊಬ್ಳಿಗೇ ಕಾಯ್ತಿದ್ವಿ."